ಜಕ್ಕೂರಿನಿಂದ ಹಾರಿದ ಉಷಾ ಸುಂದರಂ

ಈ ಸಲದ ಇ-ಸಂಚಿಕೆಗೆ ಮಕ್ಕಳೂ ಓದಬಹುದಾದ ಒಂದು ಜೀವನಚಿತ್ರ ಬರೆದುಕೊಡಿ ಎಂದು ಮಹಿಳಾ ವೇದಿಕೆಯ ಗೆಳತಿಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ವಿಮಾನ. ಅದಕ್ಕೆ ಕಾರಣ ನಮ್ಮ ಊರು. ನಾವಿರುವ ದೇಹೂ ರೋಡಿನಿಂದ ಸ್ವಲ್ಪ ದೂರದಲ್ಲೇ ಇಂದ್ರಾಯಣಿ ದಂಡೆಯ ದೇಹು. ಸಂತ ತುಕಾರಾಮರು ಅಲ್ಲಿಂದ ವಿಮಾನವೇರಿ ವೈಕುಂಠಕ್ಕೆ ಹೋದರೆಂಬುದು ಇಲ್ಲಿನವರ ನಂಬಿಕೆ. ನಮ್ಮ ಮಕ್ಕಳಿಗೆ ಆ ಕಥೆ ಬಾಯಿಪಾಠ. ಆದರೆ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತು ಹಾರಿದ ಹೆಣ್ಣುಮಗಳ ಹೆಸರನ್ನು ಅವರಲ್ಲಿ ಒಬ್ಬರೂ ಕೇಳಿಲ್ಲ.

ಆಕೆಯೇ ಉಷಾ ಸುಂದರಂ. ಹುಟ್ಟಿದ್ದು 1924ರಲ್ಲಿ. 1941ರಲ್ಲಿ ಮದುವೆಯಾಯಿತು. ಪತಿ ಕ್ಯಾಪ್ಟನ್ ವಿ. ಸುಂದರಂ, ಮದ್ರಾಸ್ ಫ್ಲೈಯಿಂಗ್ ಕ್ಲಬ್ಬಿನಲ್ಲಿ ವಿಮಾನ ಕಲಿಸುತ್ತಿದ್ದ ಶಿಕ್ಷಕರು. ಆ ಕಾಲದಲ್ಲಿ ಹೆಣ್ಣೊಬ್ಬಳು ವಿಮಾನ ನಡೆಸುವುದು ತೀರಾ ಅಪರೂಪ. 1936ರಲ್ಲಿ ಲಾಹೋರಿನಲ್ಲಿ 21 ವರ್ಷದ ಸರಳಾ ಠಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಒಬ್ಬರೇ ಹಾರಿದ್ದರು. ಅಂಥವರನ್ನು ಬೆರಳಲ್ಲಿ ಎಣಿಸಬಹುದಿತ್ತು.

1946ರಲ್ಲಿ ಸುಂದರಂ ದಂಪತಿ ಬೆಂಗಳೂರಿಗೆ ಬಂದರು. ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಬಳಿ ಡಕೋಟಾ ವಿಮಾನವಿತ್ತು. ಅದನ್ನು ನಡೆಸುವ ಕೆಲಸ ಈ ದಂಪತಿಯದು. ಡಕೋಟಾ ಎಂದರೆ ಚಿಕ್ಕ ವಿಮಾನವಲ್ಲ ಮಕ್ಕಳೇ, ಎರಡು ಎಂಜಿನ್, ಇಪ್ಪತ್ತಕ್ಕೂ ಹೆಚ್ಚು ಜನ ಕೂರುವ ಜಾಗ. ಮುಂದೆ ಇಬ್ಬರು ಪೈಲಟ್‌ಗಳು ಅಕ್ಕಪಕ್ಕ ಕೂರುತ್ತಾರೆ, ಇಬ್ಬರ ಮುಂದೆಯೂ ಒಂದೊಂದು ಸ್ಟಿಯರಿಂಗ್ ಇರುತ್ತದೆ.

ಮರುವರ್ಷ ದೇಶ ಸ್ವತಂತ್ರವಾಯಿತು, ಜೊತೆಗೇ ಇಬ್ಭಾಗವೂ ಆಯಿತು. ಗಡಿಯಾಚೆ ಸಿಕ್ಕಿಬಿದ್ದ ಜನರನ್ನು ವಿಮಾನದಲ್ಲಿ ಕರೆತರುವ ಕೆಲಸದಲ್ಲಿ ಉಷಾ ಕೂಡ ಇದ್ದರು. ಆಗ ಅವರಿಗೆ ಇಪ್ಪತ್ತೆರಡು-ಇಪ್ಪತ್ತಮೂರು ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಗಳು ರಾತ್ರಿ ಬಸ್ಸಿನಲ್ಲಿ ಒಬ್ಬಳೇ ಬೆಂಗಳೂರಿಗೆ ಹೊರಟರೆ ನಾವು ಇಂದಿಗೂ ನಿದ್ದೆಗೆಡುತ್ತೇವೆ!

ಇನ್ನು ಮುಂದಿನ ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಸರ್ಕಾರದ ವಿಮಾನ ತರಬೇತಿ ಶಾಲೆ ಜಕ್ಕೂರಿನಲ್ಲಿ ಶುರುವಾದಾಗ, ಆಗಲೇ ಸಹ ಪೈಲಟ್ ಆಗಿ ಹಾರುತ್ತಿದ್ದ ಉಷಾ ಅಲ್ಲಿ ವಿದ್ಯಾರ್ಥಿನಿಯಾದರು. 1949ರಲ್ಲಿ ಆ ಶಾಲೆಯಿಂದ ತೇರ್ಗಡೆಯಾಗಿ ಹೊರಬಂದ ಮೊದಲಿಗರು ಅವರೇ. ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್ ಎಂದು ಅವರನ್ನು ಗುರುತಿಸುವುದುಂಟು. ಗಂಡ ಕಲಿಸಿದ, ಹೆಂಡತಿ ಪಕ್ಕದಲ್ಲಿ ಕೂತಳು ಎಂದು ಅವರ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಆದರೆ ಪರೀಕ್ಷೆ ಬರೆದು, ಹಾರಿ ತೋರಿಸಿ ಪಡೆದ ಅರ್ಹತೆ ಅವರ ಸ್ವಂತದ್ದು. ಗಂಡನ ಅಂಗಡಿ, ಗಂಡನ ಹೊಲ, ಗಂಡನ ಆಫೀಸಿನ ಲೆಕ್ಕ ಎಂದು ಹೆಸರಿಲ್ಲದೆ ದುಡಿಯುವ ಎಷ್ಟೋ ಹೆಂಗಸರನ್ನು ನಾನು ಕಂಡಿದ್ದೇನೆ. ಬಲ್ಲ ವಿದ್ಯೆಗೆ ತನ್ನ ಹೆಸರಿನಲ್ಲೇ ಒಂದು ಕಾಗದ ಇರುವುದರ ಬೆಲೆ ಅವರಿಗೆ ಚೆನ್ನಾಗಿ ಗೊತ್ತು.

ಪ್ರಧಾನಿ ನೆಹರು, ಸರ್ದಾರ್ ಪಟೇಲ್, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಇವರೆಲ್ಲ ಪಯಣಿಸಿದ ವಿಮಾನಗಳನ್ನು ಈ ದಂಪತಿ ನಡೆಸಿದ್ದಾರೆ. ಸಂಸ್ಥಾನಗಳನ್ನು ಒಂದುಗೂಡಿಸಲು ಪಟೇಲರು ಊರೂರು ಸುತ್ತಿದ್ದನ್ನು ಪಠ್ಯಪುಸ್ತಕ ಹೇಳುತ್ತದೆ, ವಿಮಾನದ ಮುಂಭಾಗದಲ್ಲಿ ಕೂತಿದ್ದ ಹೆಣ್ಣುಮಗಳ ವಿಚಾರ ಹೇಳುವುದಿಲ್ಲ.

1951ರಲ್ಲಿ ದೊಡ್ಡ ಸಾಹಸವೊಂದು ನಡೆಯಿತು. ಮದ್ರಾಸ್ ಸರ್ಕಾರ ಡಿ ಹ್ಯಾವಿಲ್ಯಾಂಡ್ ಡವ್ ಎಂಬ ವಿಮಾನ ಕೊಂಡಿತ್ತು. ಅದನ್ನು ತರಲು ದಂಪತಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು, ಲಂಡನ್‌ನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಬಂದರು. ಪಿಸ್ಟನ್ ಎಂಜಿನ್ ವಿಮಾನಕ್ಕೆ ಅದು ದಾಖಲೆ. ಇಂದು ಜೆಟ್ ವಿಮಾನದಲ್ಲಿ ಒಂಬತ್ತು ಗಂಟೆಯ ದಾರಿ, ಅದರಲ್ಲೇನು ಹೆಚ್ಚು ಎಂದು ಮಕ್ಕಳು ಕೇಳಬಹುದು. ಡವ್ ಎಂಟು-ಹತ್ತು ಜನ ಕೂರುವ ವಿಮಾನ. ಇಂಧನ ತುಂಬಿಸಲು ದಾರಿಯಲ್ಲಿ ಮತ್ತೆ ಮತ್ತೆ ಇಳಿಯಬೇಕು. ಉಪಗ್ರಹ ದಾರಿ ತೋರಿಸುವ ಕಾಲವಲ್ಲ. ನಕ್ಷೆ, ದಿಕ್ಸೂಚಿ, ರೇಡಿಯೋ ಇವೇ ಆಧಾರ. ಮೋಡಗಳ ಮೇಲೆ ಎತ್ತರಕ್ಕೆ ಹೋಗಿ ನೆಮ್ಮದಿಯಾಗಿ ಹಾರುವಂತೆಯೂ ಇರಲಿಲ್ಲ.

ಮುಂದೆ ಈ ಕುಟುಂಬ ಮದ್ರಾಸಿನಲ್ಲಿ ಇನ್ನೊಂದು ಕೆಲಸಕ್ಕೆ ಕೈಹಾಕಿತು. 1959ರ ಮಳೆಗಾಲದ ನೆರೆಯಲ್ಲಿ ಒದ್ದಾಡುತ್ತಿದ್ದ ನಾಯಿಮರಿಗಳನ್ನು ಸುಂದರಂ ಮನೆಗೆ ತಂದರು. ಉಷಾ ಮತ್ತು ಮಕ್ಕಳು ಅವರ ಜೊತೆ ನಿಂತರು. ಹೀಗೆ ಮನೆಯಲ್ಲೇ ಹುಟ್ಟಿದ ಪ್ರಾಣಿದಯೆಯ ಸಂಸ್ಥೆಯೇ ಬ್ಲೂ ಕ್ರಾಸ್ ಆಫ್ ಇಂಡಿಯಾ. ಉಷಾ 2010ರಲ್ಲಿ ತೀರಿಕೊಂಡರು.

ನನ್ನ ತಂಗಿಯ ಮಗಳು ಈಗ ಒಂಬತ್ತನೇ ತರಗತಿ. ಪೈಲಟ್ ಆಗಬೇಕೆಂದು ಮೊನ್ನೆ ಹೇಳಿದಾಗ ಮನೆಯಲ್ಲಿ ಎಲ್ಲರೂ ನಕ್ಕರು, ಆಮೇಲೆ ಖರ್ಚಿನ ಮಾತೆತ್ತಿ ಸುಮ್ಮನಾದರು. ಖರ್ಚು ನಿಜವೇ, ಲಕ್ಷಗಟ್ಟಲೆ ಬೇಕು. ಆದರೆ ದಾರಿ ಒಂದೇ ಅಲ್ಲ. ನಮ್ಮ ಪುಣೆಯ ಖಡಕ್‌ವಾಸ್ಲಾದ ಎನ್‌ಡಿಎ 2022ರಿಂದ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿದೆ. ಅಲ್ಲಿ ವಾಯುಪಡೆಗೆ ಆಯ್ಕೆಯಾದರೆ ತರಬೇತಿಯ ವೆಚ್ಚ ಸರ್ಕಾರದ್ದು. ಖಾಸಗಿಯಾಗಿ ಕಲಿಯುವುದಾದರೆ 16 ವರ್ಷಕ್ಕೆ ವಿದ್ಯಾರ್ಥಿ ಲೈಸೆನ್ಸ್, 18ಕ್ಕೆ ಕಮರ್ಷಿಯಲ್ ಲೈಸೆನ್ಸ್ ಪಡೆಯಬಹುದು. ಅದಕ್ಕೆ 200 ಗಂಟೆಗಳ ಹಾರಾಟ ಬೇಕು, ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು.

ಹಾಗಾಗಿ ಗೆಳತಿಯರೇ, ಹತ್ತನೇ ತರಗತಿ ಮುಗಿಸಿದ ಹುಡುಗಿ ಗಣಿತ ಬೇಕು ಎಂದರೆ, ಹೆಣ್ಣುಮಗಳಿಗೆ ಅಷ್ಟು ಕಷ್ಟದ್ದು ಯಾಕೆ ಎಂದು ತಡೆಯಬೇಡಿ. ಆಕೆ ಪೈಲಟ್ ಆಗುತ್ತಾಳೋ ಇಲ್ಲವೋ ಮುಂದಿನ ಮಾತು, ಆ ಬಾಗಿಲನ್ನು ನಮ್ಮ ಕೈಯಾರೆ ಮುಚ್ಚುವುದು ಬೇಡ.