ತೋಳದ ಸ್ವರ ಮತ್ತು ಸಿ.ವಿ. ರಾಮನ್

ನಂದಿನಿ ಲೇಔಟ್‌ನಲ್ಲಿರೋ ಫ್ರೆಂಡ್ ಮನೆಯ ಮಹಡಿ ರೂಮಿನಲ್ಲಿ ಕೂತು ನಾವು ನಾಲ್ಕು ಜನ, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ಫೆಸ್ಟ್‌ಗೆ ಅಂತ ಒಂದು ಪುಟ್ಟ ಸಿಂಥಸೈಸರ್ ಬೋರ್ಡ್ ಮಾಡಿದ್ವಿ. ಸ್ವರ ಹುಟ್ಟಿಸೋಕೆ 40106 ಐಸಿ, ಸ್ಪೀಕರ್ ಓಡಿಸೋಕೆ ಎಲ್‌ಎಂ386, ಎರಡಕ್ಕೂ ಒಂದೇ 9 ವೋಲ್ಟ್ ಬ್ಯಾಟರಿ. ಮೇಲಿನ ಸ್ವರಗಳು ಚೆನ್ನಾಗೇ ಬರ್ತಿದ್ವು. ನಾಬ್ ತಿರುಗಿಸಿ ಕೆಳಗಿನ ಸ್ವರಕ್ಕೆ ಬಂದ್ರೆ ಮಾತ್ರ ಶ್ರುತಿ ತಪ್ಪಿ ಗುರ್ ಗುರ್ ಅನ್ನೋದು. ಎರಡು ಸಲ ಐಸಿ ಬದಲಾಯಿಸಿದ್ವಿ. ಬೆಸುಗೆ ಎಲ್ಲ ಮತ್ತೆ ಹಾಕಿದ್ವಿ. ಗುರ್ ಗುರ್ ಹೋಗ್ಲಿಲ್ಲ. ಬೇಜಾರಾಗಿ, ವಾದ್ಯಗಳು ಯಾಕೆ ಹೀಗೆ ಗುರುಗುಟ್ಟುತ್ತವೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಸರ್ ಸಿ.ವಿ. ರಾಮನ್.

ರಾಮನ್ ಅಂದ್ರೆ ನಮಗೆ ಗೊತ್ತಿದ್ದದ್ದು ಬೆಳಕು, ನೊಬೆಲ್ ಮತ್ತು ಫೆಬ್ರವರಿ 28. ಆದರೆ ಅವರು ಬೆಳಕಿನ ಜೊತೆಗೆ ಸದ್ದಿಗೂ ಕೈ ಹಾಕಿದ್ದರು.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆ ಪಾಸಾಗಿ ಕಲ್ಕತ್ತಕ್ಕೆ ಹೋದರು. ಒಳ್ಳೇ ಸರ್ಕಾರಿ ಕೆಲಸ. ನಮ್ಮ ಮನೆಗಳಲ್ಲಾದರೆ ಕಥೆ ಅಲ್ಲಿಗೆ ಸುಖಾಂತ್ಯ. ಆದರೆ ಅವರು ಬೌಬಜಾರ್ ರಸ್ತೆಯ ವಿಜ್ಞಾನ ಸಂಘದ ಲ್ಯಾಬ್ ಹುಡುಕಿಕೊಂಡು ಹೋದರು. ಆಫೀಸಿಗೆ ಮುಂಚೆ, ಆಫೀಸು ಮುಗಿದ ಮೇಲೆ, ದಿನಾ ಅಲ್ಲೇ. ವರ್ಷಗಟ್ಟಲೆ ಹೀಗೇ ನಡೀತು. 1917ರಲ್ಲಿ ಕಡಿಮೆ ಸಂಬಳ ಒಪ್ಪಿಕೊಂಡು ಕಲ್ಕತ್ತ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು.

ಆ ಸಂಜೆಗಳಲ್ಲಿ ಅವರ ಮುಂದಿದ್ದ ಒಂದು ತೊಂದರೆ ನಮ್ಮದರ ಹಾಗೇ ಇತ್ತು. ಪಿಟೀಲು, ಚೆಲ್ಲೊಗಳಲ್ಲಿ ಒಂದು ನಿರ್ದಿಷ್ಟ ಸ್ವರ ಹಿಡಿದರೆ ಸದ್ದು ತೊದಲಿ ಗುರುಗುಟ್ಟುತ್ತೆ. ಅದಕ್ಕೆ ವುಲ್ಫ್ ನೋಟ್, ಅಂದ್ರೆ ತೋಳದ ಸ್ವರ ಅಂತ ಹೆಸರು. ಕೇಳಿದವರಿಗೆ ತಂತಿ ಕೆಟ್ಟಿದೆ, ಇಲ್ಲಾ ಕೈ ಸರಿಯಿಲ್ಲ ಅನ್ಸುತ್ತೆ. 1916ರಲ್ಲಿ ರಾಮನ್ ಬೇರೆ ಕಾರಣ ತೋರಿಸಿದರು. ಆ ಸ್ವರ ವಾದ್ಯದ ಮರದ ಒಡಲಿನ ಸಹಜ ಕಂಪನಕ್ಕೆ ಸರಿಹೊಂದಿಬಿಡುತ್ತೆ. ಆಗ ಒಡಲು ತಂತಿಯಿಂದ ವಿಪರೀತ ಶಕ್ತಿ ಎಳೆದುಕೊಳ್ಳುತ್ತೆ. ಕಮಾನು ಕೊಡೋದು ಸಾಲದೆ ತಂತಿ ತೊದಲುತ್ತೆ. ಅಂದ್ರೆ ತೊದಲೋದು ತಂತಿ, ಕಾರಣ ಪಕ್ಕದಲ್ಲಿ.

ಕೈಯ ಏರುಪೇರು ಲೆಕ್ಕ ಕೆಡಿಸಬಾರದು ಅಂತ, ಯಂತ್ರದಿಂದ ನುಡಿಯೋ ಪಿಟೀಲನ್ನೂ ಅವರು ಲ್ಯಾಬಿನಲ್ಲಿ ಕಟ್ಟಿಸಿದರು. ನಮ್ಮ ವಾದ್ಯಗಳ ಕಡೆಗೂ ತಿರುಗಿದರು. ಮಾಮೂಲಿ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದಲ್ಲ. ಮೃದಂಗದಲ್ಲಿ ನಡುವೆ ಮೆತ್ತಿದ ಕರಣೆ ಅವನ್ನು ಶ್ರುತಿಗೆ ತರುತ್ತೆ ಅಂತ 1920ರಲ್ಲಿ ತೋರಿಸಿದರು. ತಂಬೂರಿಯ ಅಗಲವಾದ ಕುದುರೆ ಮೇಲೆ ತಂತಿಯ ಕೆಳಗೆ ಸಿಕ್ಕಿಸೋ ದಾರ ಅದರ ಝೇಂಕಾರಕ್ಕೆ ಹೇಗೆ ಜೀವ ಕೊಡುತ್ತೆ ಅನ್ನೋದನ್ನೂ ಅಭ್ಯಾಸ ಮಾಡಿದರು.

1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ ಮೊದಲ ಭಾರತೀಯ ನಿರ್ದೇಶಕರಾದರು.

ಇಲ್ಲಿ ಒಂದು ವಿಷಯ ಮುಚ್ಚಿಡೋಕೆ ನಮಗೆ ಮನಸ್ಸಿಲ್ಲ. ಅದೇ ವರ್ಷ ಕಮಲಾ ಭಾಗ್ವತ್, ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು, ಸೀಟು ಕೇಳಿದರೆ ಹೆಣ್ಣು ಅನ್ನೋ ಕಾರಣಕ್ಕೆ ರಾಮನ್ ಬೇಡ ಅಂದರು. ಕಮಲಾ ಪಟ್ಟು ಬಿಡಲಿಲ್ಲ. ಆಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಕಮಲಾ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಮಾಡಿದರು. ವಾದ್ಯದ ದೋಷ ಅಷ್ಟು ಸೂಕ್ಷ್ಮವಾಗಿ ಹುಡುಕಿದವರಿಗೆ ತಮ್ಮ ದೋಷ ಕಾಣಲಿಲ್ಲ. ಇದನ್ನ ಓದಿದಾಗ ನಮ್ಮ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರೂ 1948ರವರೆಗೆ ಅಲ್ಲೇ ಪ್ರೊಫೆಸರ್ ಆಗಿದ್ದರು. ನಂತರ ಸ್ವಂತ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದೂ ಅದರ ತೋಟದಲ್ಲೇ. ನಮ್ಮ ನಂದಿನಿ ಲೇಔಟ್‌ನಿಂದ ಯಶವಂತಪುರ ದಾಟಿ ಮೇಖ್ರಿ ಸರ್ಕಲ್ ಕಡೆ ಹೋದ್ರೆ ಆ ಜಾಗ ಸಿಗುತ್ತೆ.

ಮಾರನೇ ದಿನ ನಮ್ಮಲ್ಲೊಬ್ಬಳು, ಐಸಿ ಬಿಡ್ರೋ, ಅದಕ್ಕೆ ಊಟ ಸರಿಯಾಗಿ ಸಿಗ್ತಿದೆಯಾ ನೋಡೋಣ ಅಂತ ಮೀಟರನ್ನ ಸಪ್ಲೈ ಪಿನ್‌ಗೆ ಹಿಡಿದಳು. ಕೆಳಗಿನ ಸ್ವರ ಬಂದ ತಕ್ಷಣ ವೋಲ್ಟೇಜ್ ಕುಸೀತಿತ್ತು. ಸ್ಪೀಕರ್ ಕಡೆಯ ಎಲ್‌ಎಂ386 ಬ್ಯಾಟರಿಯನ್ನ ಎಳೆದಾಗ ಪಕ್ಕದ 40106 ತೊದಲ್ತಿತ್ತು. ಅದಕ್ಕೆ ಬೇರೆಯಾಗಿ 5 ವೋಲ್ಟ್ ರೆಗ್ಯುಲೇಟರ್ ಕೊಟ್ಟು, ಬ್ಯಾಟರಿಗೆ 470 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಹಾಕಿದ್ವಿ. ಗುರ್ ಗುರ್ ನಿಂತಿತು.

ನಾವು ಕಿತ್ತು ಬಿಸಾಕಿದ್ದ ಎರಡು ಐಸಿಗಳನ್ನ ಕಸದ ಬುಟ್ಟಿಯಿಂದ ತೆಗೆದು ಮತ್ತೆ ಹಾಕಿ ನೋಡಿದ್ವಿ. ಎರಡೂ ಮೊದಲಿಂದ ಸರಿಯಾಗೇ ಇದ್ವು.