ಅರವತ್ತಕ್ಕೆ ರಿಟೈರ್ ಆದ ಗುರುಗಳು

ಚಿತ್ರದುರ್ಗ ದಾಟಿ ದಾವಣಗೆರೆ ಕಡೆ ಹೋಗುವಾಗ ಹೈವೇಯಲ್ಲಿ ಸಿರಿಗೆರೆ ಕ್ರಾಸ್ ಬರುತ್ತೆ. ಊರಿಗೆ ಹೋಗೋವಾಗೆಲ್ಲ ನಾನು ಆ ಹೊತ್ತಿಗೆ ಇಯರ್‌ಫೋನ್ ಹಾಕ್ಕೊಂಡು ನಿದ್ದೆಯಲ್ಲಿರ್ತೀನಿ. ಅಜ್ಜಿ ಜೊತೆಗಿದ್ದರೆ ಮಾತ್ರ ಎಬ್ಬಿಸುತ್ತಾಳೆ. ಕೂತಲ್ಲಿಂದಲೇ ಊರಿನ ದಿಕ್ಕಿಗೆ ಕೈ ಮುಗಿದು, ದೊಡ್ಡ ಬುದ್ಧಿಯವರಿಗೆ ನೀನೂ ಮುಗಿ ಅಂತಾಳೆ. ನಮ್ಮ ಕಡೆ ಸ್ವಾಮಿಗಳನ್ನ ಬುದ್ಧಿ ಅಂತ ಕರೀತಾರೆ. ಇಂಗ್ಲಿಷ್ ಮೀಡಿಯಂ ಹುಡುಗನಾದ ನಾನು ತುಂಬಾ ದಿನ ಅದು ತಲೆಯೊಳಗಿನ ಬುದ್ಧಿ ಅಂದ್ಕೊಂಡಿದ್ದೆ!

ಅಜ್ಜಿ ಕೈ ಮುಗಿಯೋದು ಸಿರಿಗೆರೆ ತರಳಬಾಳು ಮಠದ 20ನೇ ಗುರುಗಳಾಗಿದ್ದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಗೆ. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲಾಯ್ತು. ಮಠದ ಮೂಲಪುರುಷ ಮರುಳಸಿದ್ಧ, 12ನೇ ಶತಮಾನದ ಶರಣ. ತರಳ ಅಂದರೆ ಮಗು. ಆತ ತನ್ನ ಶಿಷ್ಯನನ್ನು ಮಗುವೇ, ಬಾಳು ಎಂದು ಹರಸಿದ್ದರಿಂದ ಮಠಕ್ಕೆ ಈ ಹೆಸರು ಬಂತು ಅಂತ ನಂಬಿಕೆ.

ಸ್ವಾಮೀಜಿ ಹುಟ್ಟಿದ್ದು 1914ರ ಏಪ್ರಿಲ್ 28ರಂದು, ಹೊಳಲ್ಕೆರೆ ತಾಲ್ಲೂಕಿನ ಮುತ್ತುಗದೂರಿನಲ್ಲಿ. ಕಾಶಿಗೆ ಹೋಗಿ ಓದಿ ಬಂದರು. 1940ರಲ್ಲಿ ಪೀಠಕ್ಕೆ ಕೂತಾಗ ಅವರಿಗೆ 26 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಎಂ.ಟೆಕ್ ಮುಗಿಸಿ ಇನ್ನೂ ಕೆಲಸ ಹುಡುಕ್ತಿರೋರಿದ್ದಾರೆ. ಇವರಿಗೆ ಸಿಕ್ಕಿದ್ದು ಮಳೆ ನಂಬಿಕೊಂಡು ಬದುಕುವ ಸೀಮೆಯ ಒಂದು ಮಠ. ಭಕ್ತರಲ್ಲಿ ಹೆಚ್ಚಿನವರು ಒಕ್ಕಲು ಮಕ್ಕಳು.

ಹಳ್ಳಿಗಳಲ್ಲಿ ಸ್ಕೂಲು, ಹಾಸ್ಟೆಲ್ ಕಟ್ಟಿಸಿದರು. 1962ರಲ್ಲಿ ಅವಕ್ಕೆಲ್ಲ ಸೇರಿಸಿ ತರಳಬಾಳು ವಿದ್ಯಾಸಂಸ್ಥೆ ಶುರುವಾಯ್ತು. 1950ರಲ್ಲಿ ಜಗಳೂರಿನಿಂದ ತರಳಬಾಳು ಹುಣ್ಣಿಮೆ ಆರಂಭಿಸಿದರು. ಮಾಘ ಮಾಸದಲ್ಲಿ ನಡೆಯೋ ಈ ಉತ್ಸವ ಬೇರೆ ಬೇರೆ ಊರುಗಳಲ್ಲಿ ಆಗುತ್ತೆ. ಅಲ್ಲಿ ಪೂಜೆಗಿಂತ ಭಾಷಣ, ಚರ್ಚೆನೇ ಜಾಸ್ತಿ.

ನನಗೆ ಇಷ್ಟ ಆಗೋ ವಿಷಯ ನಾಟಕ. ನಾಟಕದವರು ಅಂದ್ರೆ ಮನೆಮಂದಿ ಮೂಗು ಮುರಿಯುತ್ತಿದ್ದ ಕಾಲ ಅದು. ಅಂಥಾದ್ರಲ್ಲಿ ಒಬ್ಬ ಕಾವಿ ಉಟ್ಟ ಸ್ವಾಮೀಜಿ ತಾವೇ ನಾಟಕ ಬರೆದರು. ಮಠದಿಂದಲೇ ಕಲಾಸಂಘ ಕಟ್ಟಿ ಆಡಿಸಿದರು. ವಿಶ್ವಬಂಧು ಮರುಳಸಿದ್ಧ, ಮರಣವೇ ಮಹಾನವಮಿ ಅವರ ನಾಟಕಗಳು. ಓದು ಬಾರದ ಭಕ್ತರಿಗೆ ಶರಣರ ಕತೆ ಮುಟ್ಟಿಸೋಕೆ ಅದಕ್ಕಿಂತ ನೇರ ದಾರಿ ಇನ್ನೊಂದಿರಲಿಲ್ಲ. ಈಗ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಊರೂರಿಗೆ ನಾಟಕ ಒಯ್ಯುವ ಶಿವಸಂಚಾರ ತಂಡ ಇದೆಯಲ್ಲ, ಅದನ್ನು ನಡೆಸೋ ಕಲಾಸಂಘದ ಹೆಸರು ಶಿವಕುಮಾರ ಕಲಾಸಂಘ. ಇವರ ಹೆಸರೇ.

ಇಷ್ಟೆಲ್ಲ ಮಾಡಿದವರು 1974ರಲ್ಲಿ, ಸರಿಯಾಗಿ ಅರವತ್ತು ತುಂಬಿದ ವರ್ಷ, ಪೀಠತ್ಯಾಗ ಘೋಷಿಸಿದರು. ಕಾಯಿಲೆ ಇರಲಿಲ್ಲ, ಯಾರೂ ಇಳೀರಿ ಅಂದಿರಲಿಲ್ಲ. ಅರವತ್ತಾದ ಮೇಲೆ ಗುರು ಪೀಠದಲ್ಲಿ ಕೂರಬಾರದು ಅನ್ನೋದು ಅವರ ನಿಲುವು, ಅಷ್ಟೇ. ಸರ್ಕಾರಿ ನೌಕರರಿಗೆ ರಿಟೈರ್‌ಮೆಂಟ್ ಇದೆ, ಗುರುಗಳಿಗೆ ಎಲ್ಲಿದೆ? ಅವರೇ ಮಾಡಿಕೊಂಡರು. ಸುದ್ದಿ ಬಂದ ದಿನ ತಮ್ಮ ಮನೇಲಿ ಯಾರಿಗೂ ಊಟ ಸೇರಲಿಲ್ಲ ಅಂತ ಅಜ್ಜಿ ಈಗಲೂ ಹೇಳ್ತಾಳೆ.

2013ರಲ್ಲಿ ಪೋಪ್ ಬೆನೆಡಿಕ್ಟ್ 85ನೇ ವಯಸ್ಸಿಗೆ ರಾಜೀನಾಮೆ ಕೊಟ್ಟಾಗ ಪ್ರಪಂಚವೇ ಬೆರಗಾಯ್ತು. ಅದಕ್ಕೂ ಮೊದಲು ಸುಮಾರು 600 ವರ್ಷ ಯಾವ ಪೋಪೂ ಹಾಗೆ ಕೆಳಗಿಳಿದಿರಲಿಲ್ಲ. ಸಿರಿಗೆರೆಯಲ್ಲಿ ಅದು 39 ವರ್ಷ ಮುಂಚೆನೇ ಆಗಿತ್ತು. ಇನ್ನೂ ಹಿಂದಕ್ಕೆ ಹೋದರೆ, ಚಂದ್ರಗುಪ್ತ ಮೌರ್ಯ ರಾಜ್ಯ ಬಿಟ್ಟು ಶ್ರವಣಬೆಳಗೊಳಕ್ಕೆ ಬಂದ ಅಂತ ಜೈನರ ಪರಂಪರೆ ಹೇಳುತ್ತೆ. ಆದರೆ ರಾಜ ಬಿಟ್ಟು ಸನ್ಯಾಸಿ ಆಗೋದು ಒಂದು. ಸನ್ಯಾಸಿ ಬಿಡೋಕೆ ಏನಿರುತ್ತೆ ಅಂತ ನಾನು ಮೊದಲು ಯೋಚಿಸಿದ್ದೆ. ಮನೆ, ಹೊಲ ಎಲ್ಲ ಆಗಲೇ ಬಿಟ್ಟಿರ್ತಾರಲ್ಲ? ಆಮೇಲೆ ಹೊಳೀತು, ಬಿಟ್ಟಿದ್ದೆಲ್ಲ ಮಠದ ರೂಪದಲ್ಲಿ ನೂರು ಪಟ್ಟಾಗಿ ವಾಪಸ್ ಬಂದಿರುತ್ತೆ. ಈ ಪೀಠದ ಹೆಸರೇ ಸದ್ಧರ್ಮ ಸಿಂಹಾಸನ. ಎರಡನೇ ಸಲ ಬಿಡೋದು ಮೊದಲನೇದಕ್ಕಿಂತ ಕಷ್ಟ ಇದ್ದಿರಬೇಕು. (ನಮ್ಮ ಫೆಸ್ಟ್ ಕಮಿಟಿಯಲ್ಲಿ ಕೋಆರ್ಡಿನೇಟರ್ ಟೀಶರ್ಟ್ ಬಿಟ್ಟುಕೊಡೋಕೆ ನಾನೇ ಎರಡು ವಾರ ಸತಾಯಿಸಿದ್ದೆ.)

1979ರಲ್ಲಿ ಮುಂದಿನ ಗುರುಗಳಿಗೆ ಪಟ್ಟ ಆಯ್ತು. ಇವರು ಹಿರಿಯ ಗುರುಗಳಾದರು. ಪೀಠ ಬಿಟ್ಟ ಮೇಲೆ ಬದುಕಿದ್ದು ಇನ್ನೂ 18 ವರ್ಷ. ತಮ್ಮ ಬದುಕಿನ ಕತೆಯನ್ನ ಆತ್ಮನಿವೇದನೆ ಅಂತ ಬರೆದಿದ್ದಾರೆ. 1992ರ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದರು.

ಪ್ರತಿ ಸೆಪ್ಟೆಂಬರ್‌ನಲ್ಲಿ ಸಿರಿಗೆರೆಯಲ್ಲಿ ಅವರ ಶ್ರದ್ಧಾಂಜಲಿ ನಡೆಯುತ್ತೆ. ಊರೂರಿಂದ ಭಕ್ತರು ದಾಸೋಹಕ್ಕೆ ಅಕ್ಕಿ ಮೂಟೆ ಹೊತ್ತು ತರ್ತಾರೆ. ಹೋದ ವರ್ಷ ಇಂಟರ್ನಲ್ಸ್ ಇದ್ದಿದ್ದರಿಂದ ಅಜ್ಜಿ ಒಬ್ಬಳೇ ಹೋದಳು. ಈ ಸಲ ಟೈಮ್‌ಟೇಬಲ್ ಬಂದ ಕೂಡಲೇ ಫೋನ್ ಮಾಡಬೇಕಂತೆ.