ಮಂಜೂಷಕ್ಕೆ ಕೈಚಾಚಿದ ಉಜ್ಜ



ಉಜ್ಜನ ಕಥೆ ಕೇಳಿದಾಗಲೆಲ್ಲ ನಮ್ಮ ಯುವಜನರು ಎತ್ತುವ ಪ್ರಶ್ನೆ ಒಂದೇ: ಬೀಳುವುದನ್ನು ಹಿಡಿದವನಿಗೆ ಸಾವೇಕೆ? ಅವನ ಬದುಕನ್ನು ಮೊದಲಿನಿಂದ ನೋಡೋಣ.

ಉಜ್ಜ ಅಬೀನಾದಾಬನ ಮಗ. ಯುದ್ಧದಲ್ಲಿ ಒಡಂಬಡಿಕೆಯ ಮಂಜೂಷವನ್ನು ಗೆದ್ದೊಯ್ದಿದ್ದ ಫಿಲಿಷ್ಟಿಯರು ವ್ಯಾಧಿಗೆ ಹೆದರಿ, 7 ತಿಂಗಳ ಬಳಿಕ ಹೊಸ ಗಾಡಿಯಲ್ಲಿಟ್ಟು ಹಿಂದಕ್ಕೆ ಕಳುಹಿಸಿದರು. ಅದು ಗುಡ್ಡದ ಮೇಲಿದ್ದ ಅಬೀನಾದಾಬನ ಮನೆ ಸೇರಿ, 20 ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿಯಿತು.

ಅದನ್ನು ಜೆರುಸಲೇಮಿಗೆ ತರಲು ಅರಸ ದಾವೀದ 30,000 ಮಂದಿಯೊಡನೆ ಹೊರಟ. ಹಾಡು, ವಾದ್ಯ, ಕುಣಿತ, ಭಕ್ತಿಗೆ ಕೊರತೆಯಿರಲಿಲ್ಲ. ಆದರೆ ಮಂಜೂಷವನ್ನು ಏರಿಸಿದ್ದು ಹೊಸ ಗಾಡಿಗೆ, ಫಿಲಿಷ್ಟಿಯರ ಹಾಗೆಯೇ. ಮೋಶೆಯ ಕಾಲದ ನಿಯಮ ಬೇರೆಯಿತ್ತು. ಜಾಲಿಮರದ ಆ ಪೆಟ್ಟಿಗೆಗೆ 4 ಬಳೆ, 2 ಗಳ. ಕೆಹಾತನ ವಂಶದ ಲೇವಿಯರು ಅದನ್ನು ಹೆಗಲ ಮೇಲೆ ಹೊರಬೇಕು, ಮುಟ್ಟಿದರೆ ಸಾವು. ಬೇರೆ ಲೇವಿಯರಿಗೆ ಗಾಡಿ ಕೊಟ್ಟ ಮೋಶೆ ಇವರಿಗೆ ಕೊಡಲಿಲ್ಲ.

ಉಜ್ಜ ಮತ್ತು ಅಹಿಯೋ ಗಾಡಿ ನಡೆಸುತ್ತಿದ್ದರು. ಒಂದು ಕಣದ ಬಳಿ ಎತ್ತುಗಳು ಮುಗ್ಗರಿಸಿದವು. ಎತ್ತು ಎಡವಿದರೆ ಗಾಡಿ ಹೇಗೆ ವಾಲುತ್ತದೆಂದು ಸೆಟ್ಟೂರು ಸೀಮೆಯ ನಮಗೆ ಹೇಳಬೇಕಿಲ್ಲ. ಉಜ್ಜ ಕೈಚಾಚಿ ಮಂಜೂಷ ಹಿಡಿದ, ಅಲ್ಲೇ ಸತ್ತ.

ದಾವೀದನಿಗೆ ಮೊದಲು ಸಿಟ್ಟು ಬಂತು, ನಂತರ ಭಯ. ಮಂಜೂಷವನ್ನು ಒಬೇದೆದೋಮನ ಮನೆಯಲ್ಲಿ ಬಿಟ್ಟ. ಅದು ಅಲ್ಲಿದ್ದ 3 ತಿಂಗಳೂ ಆ ಮನೆಗೆ ಆಶೀರ್ವಾದವೇ ಆಯಿತು. ಸರ್ವೇಶ್ವರನ ಸಾನ್ನಿಧ್ಯ ಮನುಷ್ಯರ ಕೇಡಿಗಲ್ಲ ಎಂದು ಆಗ ತಿಳಿಯಿತು. ನಿಯಮದಂತೆ ನಡೆಯಲಿಲ್ಲವೆಂದು ದಾವೀದ ಒಪ್ಪಿಕೊಂಡ. ಎರಡನೆಯ ಸಲ ಲೇವಿಯರು ಗಳಗಳನ್ನು ಹೆಗಲಿಗಿಟ್ಟರು. ಮಂಜೂಷ ಊರು ಸೇರಿತು.

ಉಜ್ಜನ ಉದ್ದೇಶ ಕೆಟ್ಟದ್ದೆಂದು ನಮಗೆ ತೋರುವುದಿಲ್ಲ. ಆದರೆ ತಪ್ಪು ಶುರುವಾದದ್ದು ಎತ್ತು ಎಡವಿದಾಗಲ್ಲ, ಗಾಡಿ ಹೂಡಿದಾಗ. ಹೆಗಲ ಮೇಲಿದ್ದಿದ್ದರೆ ಆ ಕೈ ಚಾಚಬೇಕಾಗಿಯೇ ಇರಲಿಲ್ಲ. ಗಾಡಿ ಹೂಡಿಸಿದವರು ಹಲವರು, ಸತ್ತವನು ಒಬ್ಬ. ಈ ನೋವನ್ನು ನಾವು ಮುಚ್ಚಿಡಬೇಕಿಲ್ಲ, ದಾವೀದನೂ ಮುಚ್ಚಿಡಲಿಲ್ಲ.

ಹಬ್ಬ ಬಂದರೆ ಪೀಠ ಅಲಂಕರಿಸಲು, ಪೂಜಾಪಾತ್ರೆಗಳನ್ನು ಎತ್ತಿಡಲು ನಮ್ಮ ಹುಡುಗ ಹುಡುಗಿಯರು ಓಡಿ ಬರುತ್ತಾರೆ. ಪೂಜೆ ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ಯಾವುದನ್ನು ಯಾರು ಮುಟ್ಟಬೇಕೆಂದು ಗುರುಗಳನ್ನು ಮೊದಲೇ ಕೇಳೋಣ. ಹಿರಿಯರೂ ಮೊದಲೇ ಕಲಿಸಲಿ. ಗಾಡಿ ಹೂಡುವಾಗ ಸುಮ್ಮನಿದ್ದು, ಎತ್ತು ಎಡವಿದ ಮೇಲೆ ಮಕ್ಕಳನ್ನು ಬೈಯುವುದು ನ್ಯಾಯವಲ್ಲ.